ಕೊಪ್ಪೆ ಹೊದ್ದ ಮನುಷ್ಯ

ಎಚ್‌ಡಿ ಟಿವಿಗೂ ಮಾಮೂಲಿ ಟಿವಿಗೂ ಕಣ್ಣಿಗೆ ಕಾಣುವಂಥ ವ್ಯತ್ಯಾಸ ಇದೆಯಾ ಎಂದು ಅಂಗಡಿಗೆ ಬಂದವರೆಲ್ಲ ಕೇಳುತ್ತಿದ್ದರು. ‘ಭೂಮಿಗೂ ಆಕಾಶಕ್ಕೂ ಇರೋವಷ್ಟು ಇದೆ ಸರ್’ ಎನ್ನುವುದೇ ನನ್ನ ಕೆಲಸ. ಎರಡು ಸಾವಿರದ ಒಂಬತ್ತರ ದೀಪಾವಳಿ ಹತ್ತಿರ ಬಂದಿತ್ತು. ಚಿತ್ರದುರ್ಗದ ತಿಪ್ಪೇರುದ್ರಪ್ಪನವರ ಟಿವಿ ಅಂಗಡಿಯಲ್ಲಿ ನಾನು ಸೇಲ್ಸಿಗೆ ಸೇರಿ ಆರು ತಿಂಗಳಾಗಿತ್ತು. ನನಗೆ ಆಗ ಹತ್ತೊಂಬತ್ತು, ಬಾಯಿ ಸ್ವಲ್ಪ ಜೋರು. ‘ಮೇಘಶ್ರೀ ಕೈಗೆ ಸಿಕ್ಕರೆ ಕುರುಡರಿಗೂ ಟಿವಿ ಮಾರ್ತಾಳೆ’ ಎಂದು ಯಜಮಾನರು ಹೊಗಳುತ್ತಿದ್ದರೋ ಬಯ್ಯುತ್ತಿದ್ದರೋ ಗೊತ್ತಿಲ್ಲ.

ಒಳಗೊಳಗೆ ಮಾತ್ರ ನನಗೇ ನಂಬಿಕೆ ಇರಲಿಲ್ಲ. ಕಂಪನಿಯವರು ಕೊಟ್ಟ ಡಿಸ್ಕ್ ಹಾಕಿದರೆ ಗಿಳಿಯ ಒಂದೊಂದು ಗರಿಯೂ ಬಿಡಿಬಿಡಿಯಾಗಿ ಕಾಣುತ್ತಿತ್ತು, ಅದು ನಿಜ. ಅದೇ ಟಿವಿಯನ್ನು ಮನೆಗೊಯ್ದು ಕೇಬಲ್ ಸಿಕ್ಕಿಸಿದರೆ ಬರುವುದು ಅದೇ ಹಳೇ ಪ್ರಸಾರ. ಅದನ್ನೇ ಅಗಲ ಪರದೆಗೆ ಎಳೆದು ಕೂರಿಸಿದಾಗ ವಾರ್ತೆ ಓದುವವರ ಮುಖವೆಲ್ಲ ಊದಿಕೊಳ್ಳುತ್ತಿತ್ತು. ಹೊಳಲ್ಕೆರೆಯವರೊಬ್ಬರು ಟಿವಿ ಒಯ್ದ ಮೂರನೇ ದಿನಕ್ಕೇ ವಾಪಸು ಬಂದು, “ಏನಮ್ಮ, ನಿಮ್ಮ ಟಿವಿಯಾಗೆ ಎಲ್ಲರೂ ದಪ್ಪ ಆಗ್ಯಾರೆ” ಎಂದು ಜಗಳ ತೆಗೆದರು. “ಹಬ್ಬದ ಊಟ ಸರ್” ಅಂದೆ. ಅವರು ನಗಲಿಲ್ಲ.

ನನ್ನ ಪಾಲಿಗೆ ಟಿವಿ ಅಂದರೆ ಬೇರೆಯೇ ಒಂದಿತ್ತು. ಅದು ನಮ್ಮ ಐಮಂಗಲದಲ್ಲಿ ಬರಗೇರಮ್ಮನ ಮನೆಯ ನಡುಮನೆಯಲ್ಲಿದ್ದ ಕಪ್ಪು ಬಿಳುಪಿನ ಟಿವಿ.

ನನ್ನ ಅಪ್ಪ ಗೋವಿಂದಪ್ಪ ಕುರಿ ಕಾಯುತ್ತಿದ್ದವನು. ನಾನು ಅವ್ವನ ಹೊಟ್ಟೆಯಲ್ಲಿದ್ದಾಗಲೇ ಎದೆಗೆ ಶೀತ ಕಟ್ಟಿ, ಜ್ವರ ಏರಿ, ಹೋಗಿಬಿಟ್ಟ. ಅವನದೊಂದು ಫೋಟೊ ಇಲ್ಲ. ಮದುವೆಗೆ ಫೋಟೊದವರನ್ನು ಕರೆಸುವ ರೂಢಿ ನಮ್ಮವರಲ್ಲಿ ಇನ್ನೂ ಬಂದಿರಲಿಲ್ಲ. ಓಟಿನ ಗುರುತಿನ ಚೀಟಿ ಬರುವ ಹೊತ್ತಿಗೆ ಅವನು ಇರಲಿಲ್ಲ. ಅಪ್ಪ ಹೇಗಿದ್ದ ಎಂದು ಕೇಳಿದರೆ ಅವ್ವ, “ಇದ್ದ, ಎಲ್ಲರಂಗೆ. ನಿನ್ನಂಗೆ ಮಾತು ಜಾಸ್ತಿ ಇರಲಿಲ್ಲ” ಎನ್ನುತ್ತಿದ್ದಳು. ಇಷ್ಟರಲ್ಲಿ ಒಂದು ಮುಖ ಕಟ್ಟಿಕೊಳ್ಳುವುದು ಹೇಗೆ? ಅವನ ಮುಖವನ್ನು ಒಂದು ಸಲ ನೋಡಬೇಕೆನ್ನುವುದು ನನ್ನೊಳಗೆ ಆರದೆ ಉಳಿದಿದ್ದ ಆಸೆ.

ಅಪ್ಪ ಹೋಗುವುದಕ್ಕೆ ಸ್ವಲ್ಪ ಮೊದಲು ಬೆಂಗಳೂರಿನಿಂದ ಒಂದು ವ್ಯಾನು ಬಂದು, ಕುರಿ ಕಾಯುವವರ ಮೇಲೆ ರೀಲಿನ ಕ್ಯಾಮರಾದಲ್ಲಿ ಚಿತ್ರ ತೆಗೆದುಕೊಂಡು ಹೋಗಿತ್ತಂತೆ. ಮರುವರ್ಷ ಅದು ಟಿವಿಯಲ್ಲಿ ಬಂತು. ಆಮೇಲೆ ನನಗೆ ಏಳು ವರ್ಷವಾದಾಗ ಮತ್ತೊಮ್ಮೆ ಬಂತು. ಮಾಳಿಗೆಯ ಮೇಲೆ ಒಬ್ಬರು ಆಂಟೆನಾ ತಿರುಗಿಸುತ್ತ “ಬಂತಾ?” ಅನ್ನುವುದು, ಕೆಳಗೆ ಊರೆಲ್ಲ “ಇಲ್ಲ, ಇನ್ನೂ ಒಂಚೂರು” ಅನ್ನುವುದು. ಪರದೆ ತುಂಬ ಬಿಳಿ ಚುಕ್ಕಿ ಸುರಿಯುತ್ತಿತ್ತು. ಆ ಚುಕ್ಕಿಗಳ ನಡುವೆ ನಮ್ಮ ಕರಿ ಕುರಿಗಳು ತೇಲುತ್ತ ಬಂದವು. ಅವುಗಳ ಹಿಂದೆ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯಿಂದ ಮೊಣಕಾಲಿನವರೆಗೆ ಹೊದ್ದ ಒಬ್ಬ ಮನುಷ್ಯ, ಕೈಯಲ್ಲಿ ಕೋಲು ಹಿಡಿದು, ಯಾವ ಅವಸರವೂ ಇಲ್ಲದೆ ಒಂದು ಜಾಲಿಮರವನ್ನೂ ಅದರ ಪಕ್ಕದ ಬಂಡೆಯನ್ನೂ ದಾಟಿ ಹೋದ. “ನೋಡ್ರಿ, ಗೋವಿಂದಪ್ಪ” ಎಂದು ಊರು ಪಿಸುಗುಟ್ಟಿತು. ಅವ್ವ ಕೈ ಮುಗಿದಳು.

ನಾನು ಎದ್ದು ಹೋಗಿ ಗಾಜಿನ ಮೇಲೆ ಅಂಗೈ ಇಟ್ಟೆ. ಕೈ ಮೇಲಿನ ಕೂದಲೆಲ್ಲ ನೆಟ್ಟಗೆ ನಿಂತು ಚುರುಚುರು ಎಂದಿತು. ಗಾಜಿನ ಮೇಲಿನ ಕರೆಂಟದು ಎಂದು ಆಮೇಲೆ ಇದೇ ಅಂಗಡಿಯಲ್ಲಿ ತಿಳಿದುಕೊಂಡೆ. ಆದರೂ ಅಪ್ಪನ ಮುಟ್ಟುವಿಕೆ ಅಂದರೆ ನನಗೆ ಇವತ್ತಿಗೂ ಅದೇ. ಕನಸಿನಲ್ಲಿ ಬಂದಾಗಲೂ ಅವನು ಚುಕ್ಕಿಚುಕ್ಕಿಯಾಗಿಯೇ ಬರುತ್ತಿದ್ದ. ಯಾರೋ ಮಾಳಿಗೆ ಮೇಲಿಂದ “ಬಂತಾ?” ಎಂದು ಕೇಳುತ್ತಿದ್ದರು. ಇನ್ನೇನು ಮುಖ ಕಾಣಬೇಕು ಅನ್ನುವಷ್ಟರಲ್ಲಿ ಎಚ್ಚರವಾಗುತ್ತಿತ್ತು.

ಆ ದೀಪಾವಳಿಯ ಹಿಂದಿನ ವಾರ ಎರ್ರಿಸ್ವಾಮಿ ಎನ್ನುವವರು ಅಂಗಡಿಗೆ ಬಂದರು. ಅರವತ್ತು ದಾಟಿದ ಮನುಷ್ಯ, ಎಲ್ಲವನ್ನೂ ಅನುಮಾನದಿಂದ ನೋಡುವ ಕಣ್ಣು. ನನ್ನ ಭೂಮಿ ಆಕಾಶದ ಮಾತನ್ನು ಪೂರ್ತಿ ಕೇಳಿಸಿಕೊಂಡು, “ನಿಮ್ಮ ಗಿಳಿ ಚೆನ್ನಾಗೈತೆ ಮಗ. ಆದ್ರೆ ನಾನು ಗಿಳಿ ನೋಡಾಕೆ ಟಿವಿ ತಗಳ್ಳಲ್ಲ. ನನ್ನ ಡಿಸ್ಕ್ ಹಾಕು, ಫರಕ್ ಕಂಡ್ರೆ ತಗಂತೀನಿ” ಎಂದರು. ವಯಸ್ಸಿನಲ್ಲಿದ್ದಾಗ ಅವರು ಚಿತ್ರ ತೆಗೆಯುವ ತಂಡವೊಂದರಲ್ಲಿ ರೀಲಿನ ಡಬ್ಬ ಹೊರುತ್ತಿದ್ದರಂತೆ. ಆ ತಂಡದವರು ಈಗ ಹಳೇ ರೀಲುಗಳನ್ನು ಬೆಂಗಳೂರಿನಲ್ಲಿ ತೊಳೆದು, ಹೊಸದಾಗಿ ಎಚ್‌ಡಿಗೆ ಇಳಿಸಿ, ಆಗ ಜೊತೆಗಿದ್ದವರಿಗೆಲ್ಲ ಒಂದೊಂದು ಪ್ರತಿ ಕೊಟ್ಟಿದ್ದರು.

ಡಿಸ್ಕ್ ಹಾಕಿದೆ. ಹೆದ್ದಾರಿ, ಹೊಲ, ದೂರದಲ್ಲಿ ಗುಡ್ಡದ ಸಾಲು. ಆಮೇಲೆ ಕುರಿಗಳು. ಜಾಲಿಮರ ಕಂಡದ್ದೇ ನನ್ನ ಕೈ ತಾನಾಗಿ ಹೋಗಿ ಚಿತ್ರವನ್ನು ನಿಲ್ಲಿಸಿತು. ಕೊಪ್ಪೆಯವನು ಇನ್ನೂ ಬಂದಿರಲಿಲ್ಲ. ಒಬ್ಬಳೇ ನೋಡುವುದಕ್ಕೆ ನನಗೆ ಧೈರ್ಯ ಬರಲಿಲ್ಲ.

“ಸರ್, ನಾಳೆ ಬರ್ರಿ. ನಮ್ಮವ್ವನ್ನ ಕರೆಸ್ತೀನಿ. ಇದ್ರಾಗೆ ನಮ್ಮಪ್ಪ ಅದಾನೆ” ಅಂದೆ. ಅವರು ಡಿಸ್ಕನ್ನು ಅಲ್ಲೇ ಬಿಟ್ಟು ಹೋದರು.

ಅವ್ವ ಮರುದಿನ ಹಿರಿಯೂರು ಕಡೆಯಿಂದ ಬರುವ ಬಸ್ಸಿನಲ್ಲಿ ಬಂದಳು. ಜಿಟಿಜಿಟಿ ಮಳೆ, ಅದಕ್ಕೇ ಅಪ್ಪನ ಕಾಲದ ಹಳೇ ಕಂಬಳಿಯನ್ನೇ ಹೊದ್ದು ಬಂದಿದ್ದಳು. ಸಾಲಾಗಿ ಹೊಳೆಯುವ ಟಿವಿಗಳ ನಡುವೆ ಅವಳನ್ನು ಕುರ್ಚಿಯಲ್ಲಿ ಕೂರಿಸಿದೆ. ಎರ್ರಿಸ್ವಾಮಿಯವರೂ ಬಂದರು. ಅವ್ವ ನನ್ನ ಕೈ ಹಿಡಿದು, “ಮಸುಕಾಗಿದ್ರೇ ಇರ್ಲಿ ಬಿಡೇ. ನಂಗೆ ಅಷ್ಟೇ ಸಾಕಾಗಿತ್ತು” ಎಂದಳು. ನನಗೆ ಸಾಕಾಗಿರಲಿಲ್ಲ. ಗುಂಡಿ ಒತ್ತಿದೆ.

ಇಷ್ಟು ವರ್ಷ ಕನಸಿನಲ್ಲಿ ಮಾತ್ರ ಬರುತ್ತಿದ್ದ ಹೊಲ ಬಣ್ಣ ತುಂಬಿಕೊಂಡು ಎದುರಿಗೆ ಬಂತು. ಮಣ್ಣು ಕೆಂಪಗಿತ್ತು, ಕುರಿಗಳ ಉಣ್ಣೆಯಲ್ಲಿ ಸಿಕ್ಕಿಕೊಂಡ ಒಣ ಮುಳ್ಳು ಕೂಡ ಕಾಣುತ್ತಿತ್ತು. ಅವುಗಳ ಹಿಂದೆ ಕೊಪ್ಪೆ ಹೊದ್ದ ಮನುಷ್ಯ ನಿಧಾನಕ್ಕೆ ನಡೆದು ಬಂದ. ಕಂಬಳಿಯ ಕೆಳಗೆ ಹಸಿರು ಸೀರೆಯ ಅಂಚು ಇತ್ತು. ಕೋಲು ಹಿಡಿದ ಕೈಯಲ್ಲಿ ಬಳೆ ಇದ್ದವು. ಜಾಲಿಮರದ ಹತ್ತಿರ ಬಂದಾಗ ಆ ಕೊಪ್ಪೆ ತಲೆ ಎತ್ತಿತು. ಮೂಗುಬೊಟ್ಟು ಮಿನುಗಿತು.

“ಅಯ್ಯ, ಇದು ನಾನು” ಎಂದಳು ಅವ್ವ.

ಎರ್ರಿಸ್ವಾಮಿ ಕನ್ನಡಕ ತೆಗೆದು ಒರೆಸಿಕೊಂಡರು. “ನಾವೂ ಗಂಡಸೇ ಅನ್ಕಂಡಿದ್ವಿ ಕಣಕ್ಕ. ದೂರದಾಗೆ, ವ್ಯಾನಿನ ಒಳಗಿಂದ ತೆಗೆದಿದ್ದು.”

“ಹೆಂಗಸರು ಬ್ಯಾಡ, ಆ ಕಡೆ ಹೋಗ್ರಿ ಅಂತ ನೀವೇ ಅಂದಿದ್ರಿ ಅಣ್ಣ. ನಮ್ಮನ್ನ ಚಿತ್ರದಾಗೆ ಯಾರು ಹಿಡೀತಾರೆ ಅಂತ ನಾನೂ ಸುಮ್ನಾದೆ” ಎಂದಳು ಅವ್ವ. ಕೊಪ್ಪೆ ಹೊದ್ದರೆ ನಮ್ಮಲ್ಲಿ ಯಾರೇ ಆದರೂ ಕುರಿ ಕಾಯುವ ಗಂಡಸೇ. ಊರಿಗೆ ಊರೇ ಹಾಗೆ ನಂಬಿತು. ತನಗೇ ತಾನು ಕೈ ಮುಗಿದುಕೊಂಡ ಅವ್ವನೂ ನಂಬಿದಳು.

ನನಗೆ ಸಿಟ್ಟು ಉಕ್ಕಿ ಬಂತು. ಹನ್ನೆರಡು ವರ್ಷ ಅಂಗೈಯಲ್ಲಿ ಇಟ್ಟುಕೊಂಡಿದ್ದ ಅಪ್ಪನನ್ನು ಈ ಹಾಳು ಟಿವಿ ಒಂದು ಗಳಿಗೆಯಲ್ಲಿ ಕಿತ್ತುಕೊಂಡಿತ್ತು. ನಾನು ಮುಟ್ಟಿದ್ದು ಅವ್ವನನ್ನು. ಅವಳನ್ನು ದಿನಾ ಮುಟ್ಟುತ್ತೇನೆ, ಅದಕ್ಕೆ ಟಿವಿ ಯಾಕೆ ಬೇಕಿತ್ತು? ಅಳು ಬಂದು, ಆರಿಸೋಣ ಎಂದು ಕೈ ಚಾಚಿದೆ.

“ತಡಿಯೇ” ಎಂದಳು ಅವ್ವ. “ನಮ್ಮನೇಲಿ ಇದ್ದಿದ್ದು ಒಂದೇ ಕಂಬಳಿ. ಅದು ನನ್ನ ಮೇಲೈತೆ ಅಂದ್ರೆ ಅವ್ನು ಬರೀ ಅಂಗಿಯಾಗೆ ಇರ್ಬೇಕು. ದೂರ ಹೋಗಿರಲ್ಲ. ನನ್ನ ಬಿಟ್ಟು ಕಣ್ಣಳತೆ ದಾಟ್ತಿರಲಿಲ್ಲ ಆಗ. ನೀನಿದ್ಯಲ್ಲ ಹೊಟ್ಟೆಯಾಗೆ. ಇನ್ನೊಂದ್ಸಲ ಹಾಕು.”

ಹಾಕಿದೆ. ಈ ಸಲ ಕೊಪ್ಪೆಯನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ನೋಡಿದೆವು. ಜಾಲಿಮರದ ಬುಡದಲ್ಲಿ ಎಳೇ ಮರಿಗಳು ಒತ್ತೊತ್ತಾಗಿ ನಿಂತಿದ್ದವು. ಅದರ ಪಕ್ಕಕ್ಕೆ, ಬಯಲಿನಲ್ಲಿ, ಬರಗೇರಮ್ಮನ ಟಿವಿಯಲ್ಲಿ ನಾವೆಲ್ಲ ಬಂಡೆ ಅಂದುಕೊಂಡದ್ದು ಇತ್ತು. ಚಿತ್ರ ನಿಲ್ಲಿಸಿದೆ. ಅದು ಬಂಡೆಯಲ್ಲ. ಮೊಣಕಾಲು ಮಡಚಿ, ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ಕುಕ್ಕರಗಾಲಲ್ಲಿ ಕುಳಿತ ಮನುಷ್ಯ. ಅಂಗಿ ಮೈಗೆ ಅಂಟಿತ್ತು. ಅಗಲವಾದ ಹಣೆ, ಸ್ವಲ್ಪ ಮುಂದಕ್ಕೆ ಬಾಗಿದ ಕಿವಿ. ನನ್ನ ಕಿವಿ. ನಡೆದು ಹೋಗುತ್ತಿದ್ದ ಕೊಪ್ಪೆಯನ್ನೇ ನೋಡುತ್ತ, ಏನೋ ಗೆದ್ದವನ ಹಾಗೆ ಸಣ್ಣಗೆ ನಗುತ್ತಿದ್ದ.

ನಾನು ಹತ್ತಿರ ಹೋಗಿ ಅಂಗೈ ಇಟ್ಟೆ. ಕೈಗೆ ಏನೂ ಚುರುಗುಟ್ಟಲಿಲ್ಲ, ಪರದೆ ತಣ್ಣಗಿತ್ತು. ಅಷ್ಟು ಹತ್ತಿರಕ್ಕೆ ಹೋದರೆ ಅದೂ ಬರೀ ಚುಕ್ಕಿಯೇ.

“ಹಿಂದಕ್ಕೆ ಬಾರೇ, ಅಲ್ಲಿಂದ ಕಾಣಲ್ಲ” ಎಂದು ಅವ್ವ ನನ್ನ ಸೆರಗು ಹಿಡಿದು ಎಳೆದಳು. ನಾನು ಅವಳ ಪಕ್ಕ ನೆಲದ ಮೇಲೆ ಕುಳಿತೆ. ಚಿತ್ರ ಮುಂದಕ್ಕೆ ಓಡಿತು. ಆಗ ಕಂಡಿತು, ಪರದೆ ತುಂಬ ಓರೆಯಾಗಿ ಇಳಿಯುತ್ತಿದ್ದ ಸಣ್ಣ ಎಳೆಗಳು. ಆಂಟೆನಾ ತಿರುಗಿಸಿದರೆ ಹೋಗುವ ಚುಕ್ಕಿಗಳಲ್ಲ ಅವು.

“ಮಳೆ ಬಂತು ಅಂತ್ಲೇ ನಾವು ವ್ಯಾನೊಳಗೆ ಕುಂತಿದ್ದು” ಎಂದರು ಎರ್ರಿಸ್ವಾಮಿ, ಮೆಲ್ಲಗೆ.

ಅವ್ವ ಹೊದ್ದಿದ್ದ ಕಂಬಳಿಯನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. “ಅವತ್ತು ಸಂಜೆ ಕೇಳಿದ್ದೆ, ನೆಂದ್ಯಾ ಅಂತ. ಇಲ್ಲ ಕಣೇ, ಗಿಡದ ಬುಡಕ್ಕೆ ಇದ್ದೆ, ಒಂದು ಹನಿ ಬಿದ್ದಿಲ್ಲ ಅಂದ. ಬುಡದಾಗೆ ಮರಿ ಬಿಟ್ಟು ತಾನು ಹೊರಗೆ ಕುಂತಾನೆ ನೋಡು. ಆಮ್ಯಾಕೆ ಜ್ವರ ಬಂದಾಗ್ಲೂ ಬಾಯಿ ಬಿಡ್ಲಿಲ್ಲ. ಸುಳ್ಳುಗಾರ.” ಆ ಕೊನೆಯ ಮಾತನ್ನು ಅವಳು ಎಷ್ಟು ಅಕ್ಕರೆಯಿಂದ ಅಂದಳೆಂದರೆ, ಅಂಥ ದನಿ ಅವಳಲ್ಲಿದೆ ಎಂದೇ ನನಗೆ ಗೊತ್ತಿರಲಿಲ್ಲ. ಕಣ್ಣೀರನ್ನು ಒರೆಸಿಕೊಳ್ಳಲೂ ಇಲ್ಲ.

ನನಗೂ ದುಃಖ ತಡೆಯಲಾಗಲಿಲ್ಲ. “ಹಳೇದೇ ಚೆನ್ನಾಗಿತ್ತು ಅಲ್ವೇನವ್ವ? ಅದ್ರಾಗೆ ಅಪ್ಪ ಬೆಚ್ಚಗೆ ನಡ್ಕಂಡು ಹೋಗ್ತಿದ್ದ” ಅಂದೆ. ಅವಳು ಇಲ್ಲ ಎನ್ನುವಂತೆ ತಲೆಯಾಡಿಸಿದಳು.

ಅಷ್ಟರಲ್ಲಿ ತಿಪ್ಪೇರುದ್ರಪ್ಪನವರು ಗಲ್ಲಾದಿಂದ ಎದ್ದು ಬಂದರು. ಏನಾಗಿದೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಎರ್ರಿಸ್ವಾಮಿಯವರ ಕಡೆ ತಿರುಗಿ, “ಏನ್ ಸ್ವಾಮಿ, ಫರಕ್ ಕಾಣ್ತಾ?” ಎಂದು ಕೇಳಿದರು. ಎರ್ರಿಸ್ವಾಮಿ ಅವ್ವನ ಮುಖ ನೋಡಿದರು.

“ಕಾಣ್ತೈತೆ ಕಣಣ್ಣ” ಎಂದಳು ಅವ್ವ. “ಅದ್ರಾಗೆ ಚುಕ್ಕಿ ಇದ್ವು. ಇದ್ರಾಗೆ ಮಳೆ ಐತೆ.”

ನಾನು ಎದ್ದು ಚಿತ್ರವನ್ನು ಮತ್ತೆ ಮೊದಲಿನಿಂದ ಹಾಕಿದೆ.