ತಣ್ಣಗಾದ ಇಸ್ತ್ರಿಪೆಟ್ಟಿಗೆ

ಇಸ್ತ್ರಿಯಕ್ಕನ ಪೆಟ್ಟಿಗೆಗೆ ಕೆಂಡವೂ ಬೇಕಿರಲಿಲ್ಲ, ಕರೆಂಟೂ ಬೇಕಿರಲಿಲ್ಲ. ಬೆಳಗ್ಗೆ ಮನೆಮಂದಿಯ ತಿಂಡಿ ಮುಗಿಸಿ, ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ವಾರಗಿತ್ತಿಯನ್ನು ನೆನೆದರೆ ಸಾಕು; ಎರಡೇ ನಿಮಿಷಕ್ಕೆ ತಳ ಚುರ್ ಅನ್ನುತ್ತಿತ್ತು.

ಒಂಬತ್ತು ವರ್ಷದಿಂದ ಹೀಗೇ. ಹಾಸಿಗೆ ಹಿಡಿದ ಅತ್ತೆಯನ್ನು ಮೂರು ವರ್ಷ ಎತ್ತಿ ಇಳಿಸಿ ನೋಡಿಕೊಂಡವಳು ಇಸ್ತ್ರಿಯಕ್ಕ. ಮಣ್ಣು ಮಾಡಿ ಬಂದ ದಿನ, ನೆಂಟರೆಲ್ಲ ಕೂತಿದ್ದಾಗ, ಮೈದುನನ ಹೆಂಡತಿ ಮೂಗೊರೆಸಿಕೊಂಡು, "ಪಾಪ, ಕೊನೆಗೆ ಒಂದು ಲೋಟ ನೀರು ಕೊಡೋರೂ ಇರ್ಲಿಲ್ಲ ಅತ್ತೆಗೆ" ಅಂದುಬಿಟ್ಟಿದ್ದಳು. ಮರುತಿಂಗಳು ಅದೇ ವಾರಗಿತ್ತಿ ಒಂದು ಕರೆಂಟಿನ ಇಸ್ತ್ರಿಪೆಟ್ಟಿಗೆ ಕಳಿಸಿದಳು. ಇಸ್ತ್ರಿಯಕ್ಕ ಅದರ ಡಬ್ಬಿಯ ದಾರ ಕೂಡ ಬಿಚ್ಚದೆ ಅಟ್ಟಕ್ಕೆ ಹಾಕಿದಳು.

ಸಿಟ್ಟಿಗೂ ಅಳತೆಯಿತ್ತು. ರೇಷ್ಮೆಗೆ ವಾರಗಿತ್ತಿ ಮೂಗೊರೆಸಿಕೊಂಡದ್ದನ್ನು ನೆನೆದರೆ ಸಾಕು. ಹತ್ತಿ ಬಟ್ಟೆಗೆ ಪೂರ್ತಿ ಮಾತು ಬೇಕು. ಹೋಟೆಲಿನ ದಪ್ಪ ಪರದೆಗಳಿಗಾದರೆ ಆಗ ತಲೆಯಾಡಿಸಿದ ನೆಂಟರನ್ನೂ ಒಬ್ಬೊಬ್ಬರಾಗಿ ನೆನೆಯಬೇಕು. "ಲೇ, ಇವತ್ತು ಪರದೆ ಇವೆ, ಚಿಕ್ಕಪ್ಪನ್ನೂ ಸೇರಿಸ್ಕೋ" ಎಂದು ಗಂಡ ಬೆಳಗ್ಗೆಯೇ ನೆನಪಿಸುತ್ತಿದ್ದ. ಭಾನುವಾರ ಪಾದ್ರಿಗಳು, ನಿಮಗೆ ಕೇಡು ಮಾಡಿದವರನ್ನು ಪ್ರೀತಿಸಿ ಎಂದಾಗ ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಅನ್ನುತ್ತಿದ್ದವಳೂ ಇವಳೇ. ಪಾದ್ರಿಗಳ ನಿಲುವಂಗಿಗೆ ಇಸ್ತ್ರಿಯೂ ಇದೇ ಪೆಟ್ಟಿಗೆಯದು.

ಒಂದು ಶನಿವಾರ ಊರಿಗೆ ಊರೇ ಕರೆಂಟಿಲ್ಲದೆ ಕೂತಿತ್ತು. ಬಾಗಿಲಲ್ಲಿ ವಾರಗಿತ್ತಿ. ಕೈಯಲ್ಲಿ ಮುದ್ದೆಯಾದ ಬಿಳಿ ಗೌನು.

"ಅಕ್ಕಾ, ಬೈಯೋದಿದ್ರೆ ಆಮೇಲೆ ಬೈಯಿ. ನಾಲ್ಕಕ್ಕೆ ಮಗಳ ಮದುವೆ. ಇದನ್ನ ಹೀಗೇ ಹಾಕ್ಕೊಂಡು ಹೋದ್ರೆ ಮಗು ಅತ್ಕೊಂಡೇ ನಿಲ್ಲುತ್ತೆ."

ಆ ಮಗು ಚಿಕ್ಕಂದಿನಲ್ಲಿ ದೊಡ್ಡಮ್ಮನ ಈ ಮೇಜಿನ ಕೆಳಗೇ ನಿದ್ದೆ ಮಾಡಿ ಬೆಳೆದದ್ದು. ಇಸ್ತ್ರಿಯಕ್ಕ ಗೌನು ಹರಡಿದಳು. ಪೆಟ್ಟಿಗೆ ಮುಟ್ಟಿದಳಷ್ಟೆ, ತಳ ಕೆಂಪಗಾಯಿತು.

"ಅಯ್ಯೋ, ಇಷ್ಟು ಬಿಸಿ ಬೇಡ! ಗೌನಿನ ಜಾಲರಿ ಕರಗೋಗುತ್ತೆ!"

"ಇಷ್ಟು ದಿನ ನಿನ್ನ ನೆನೆಸ್ಕೊಂಡೇ ಕಾಯಿಸ್ತಿದ್ದೆ. ಇವತ್ತು ನೀನೇ ಎದುರಿಗೆ ನಿಂತಿದೀಯ. ಆಚೆ ಹೋಗು."

ವಾರಗಿತ್ತಿ ಆಚೆ ಹೋದಳು. ಅವಳ ಕೆಮ್ಮು ಕೇಳಿಸಿತು; ಪೆಟ್ಟಿಗೆ ಇನ್ನೂ ಕೆಂಪಾಯಿತು. ಹೊಸ್ತಿಲಲ್ಲಿ ಅವಳ ಚಪ್ಪಲಿ ಕಂಡಿತು; ಹೊಗೆಯೆದ್ದಿತು. ಇಸ್ತ್ರಿಯಕ್ಕ ಗೌನನ್ನು ಎದೆಗೆ ಅವಚಿಕೊಂಡು ಹಿಂದೆ ಸರಿದಳು.

"ಅತ್ತೆಯ ಮಣ್ಣಿನ ದಿನ ಏನಂದೆ, ನೆನಪಿದೆಯೇನೇ?"

ಬಾಗಿಲಿಂದ ಮುಖ ಇಣುಕಿತು. "ಅತ್ತಿದ್ದು ನೆನಪಿದೆ. ಯಾಕೆ, ನಾನೇನಾದ್ರೂ ಅಂದ್ನಾ?"

ಅವಳಿಗೆ ನಿಜವಾಗಿಯೂ ನೆನಪಿರಲಿಲ್ಲ. ಪೆಟ್ಟಿಗೆ ಮೇಜನ್ನು ತನ್ನದೇ ಆಕಾರದಲ್ಲಿ ಸುಟ್ಟು ತೂತು ಮಾಡಿ, ಧೊಪ್ಪೆಂದು ನೆಲಕ್ಕೆ ಬಿತ್ತು.

ಇಸ್ತ್ರಿಯಕ್ಕ ಆ ತೂತನ್ನು ನೋಡುತ್ತ ನಿಂತಳು. ನೆನಪೇ ಇಲ್ಲದವಳು ಕ್ಷಮೆ ಕೇಳುವುದು ಯಾವ ಕಾಲಕ್ಕೆ? ಗೋಡೆಯ ಗಡಿಯಾರ ಎರಡು ಹೊಡೆಯಿತು. ಅವಳು ಕಣ್ಣು ಮುಚ್ಚಿದಳು. 'ಸ್ವಾಮಿ, ಇವಳು ಕೇಳೋ ಹಾಗೆ ಕಾಣಲ್ಲ. ಕೇಳದೇನೇ ಕ್ಷಮಿಸಿಬಿಡ್ತೀನಿ. ನೀನು ನಮಗೆ ಮಾಡಿದ್ದೂ ಹಾಗೇ ತಾನೆ. ಹೋಟೆಲ್ ಪರದೆ ವಿಷ್ಯ ಮಾತ್ರ ನೀನೇ ನೋಡ್ಕೋ.'

ಪೆಟ್ಟಿಗೆ ಮುಟ್ಟಿದಳು. ಮಣ್ಣಿನ ಮಡಕೆಯಂತೆ ತಣ್ಣಗಿತ್ತು. ವಾರಗಿತ್ತಿಯನ್ನು ಮತ್ತೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದಳು. ಊಹೂಂ. ಬೆಳಗಿಂದ ಏನೂ ತಿನ್ನದ ಮುಖ, ಅಷ್ಟೆ.

"ಈಗೇನಕ್ಕಾ ಮಾಡೋದು?"

"ಮೊದ್ಲು ಆ ಮುಚ್ಚಿಟ್ಟಿರೋ ಅನ್ನ ತಿನ್ನು. ಆಮೇಲೆ ಆ ತುದಿ ಹಿಡ್ಕೋ."

ಗೌನಿಗೆ ನೀರು ಚಿಮುಕಿಸಿ, ಬೀದಿಯ ಬಿಸಿಲಲ್ಲಿ ಎದುರುಬದುರು ನಿಂತು ಇಬ್ಬರೂ ಎಳೆದರು. ಹೋಗಿಬರುವವರೆಲ್ಲ ಬಗ್ಗಿ, ಗೌನಿನ ಕೆಳಗೆ ನುಸುಳಿ ಹೋದರು.

"ಗಟ್ಟಿಯಾಗಿ ಎಳಿ. ಸಿಟ್ಟು ಬಂದೋಳ ಥರ ಎಳಿ."

"ನಂಗೆ ನಿನ್ನ ಮೇಲೆ ಸಿಟ್ಟೇ ಇಲ್ವಲ್ಲ ಅಕ್ಕಾ."

"ಗೊತ್ತು ಮಾರಾಯ್ತಿ. ನಂಗೆ ಕಷ್ಟ ಆಗಿದ್ದೇ ಅದು."

ನಾಲ್ಕಕ್ಕೆ ಮಗಳು ಗೌನು ತೊಟ್ಟು ನಗುತ್ತಲೇ ನಿಂತಳು. ಬೆನ್ನಿನ ಮೇಲೆ ಒಂದು ಸುಕ್ಕು ಉಳಿದಿತ್ತು. ದೊಡ್ಡಮ್ಮ ಮುಂದಿನ ಸಾಲಲ್ಲೇ ಕೂತಿದ್ದರಿಂದ ಅವಳಿಗಷ್ಟೇ ಕಂಡಿತು.

ಸೋಮವಾರ ಹೋಟೆಲಿನ ಪರದೆಗಳು ಬಂದವು. ಗಂಡ ತಲೆ ಮೇಲೆ ಕೈ ಹೊತ್ತ. "ಲೇ, ಚೂರೂ ಉಳಿದಿಲ್ವಾ? ಹೋಗ್ಲಿ, ನನ್ನ ಮೇಲಾದ್ರೂ ಸಿಟ್ಟು ಮಾಡ್ಕೋ."

"ನಿಮ್ಮ ಮೇಲಿನ ಸಿಟ್ಟು ಒಂದು ಕರ್ಚೀಫಿಗೂ ಸಾಲಲ್ಲ. ಅಟ್ಟದ ಮೇಲಿನ ಡಬ್ಬಿ ಇಳಿಸಿ."

ದಾರ ಬಿಚ್ಚಿದರು. ವೈರು ಗಿಡ್ಡವಿತ್ತು; ತೂತುಬಿದ್ದ ಮೇಜನ್ನೇ ಗೋಡೆಯ ಹತ್ತಿರ ಎಳೆದರು. ಪೆಟ್ಟಿಗೆಯ ಬೆನ್ನ ಮೇಲೊಂದು ತಿರುಗಿಸುವ ಗುಂಡಿ, ಸುತ್ತ ಏನೇನೋ ಗುರುತು. ಇಸ್ತ್ರಿಯಕ್ಕ ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ ಸೋತಳು.

"ರೀ, ಅವಳಿಗೆ ಫೋನ್ ಹಚ್ಚಿ ಕೊಡಿ. ಪರದೆಗೆ ಎಷ್ಟಕ್ಕಿಡ್ಬೇಕು ಅಂತ ಕೇಳ್ತೀನಿ."