ಉಡಚವ್ವನ ಬಟಾಟಿ ಹೊಲ

ಶಿಗ್ಗಾಂವಿಯ ಕೃಷಿ ಕಚೇರಿಗೆ ನಾನು ಸೇರಿದ್ದು ೧೯೮೧ರ ಜೂನ್‌ನಲ್ಲಿ. ಸವಣೂರಿನ ನಮ್ಮ ಮನೆಯಲ್ಲಿ ಅಜ್ಜ, ಅಪ್ಪ ಎಲ್ಲರೂ ಸಂಸ್ಕೃತ ಓದಿದವರು. ಹೊಲಕ್ಕಿಳಿದವರು ಯಾರೂ ಇರಲಿಲ್ಲ. ನಾನು ಧಾರವಾಡದಲ್ಲಿ ಕೃಷಿ ಪದವಿ ಮುಗಿಸಿ ನೌಕರಿ ಹಿಡಿದೆ ಎಂದಾಗ ಅಪ್ಪ, "ಸುಮನ್, ಹೊಲದಾಗ ಚಪ್ಪಲಿ ಬಿಡಬ್ಯಾಡವಾ, ಮುಳ್ಳು ಇರ್ತಾವ" ಎಂದಷ್ಟೇ ಹೇಳಿದರು.

ಬಂಕಾಪುರದ ಸುತ್ತಿನ ಹಳ್ಳಿಗಳು ನನ್ನ ಪಾಲಿಗೆ ಬಂದವು. ಬಸ್ಸಿಳಿದು ಒಂದು ಮೈಲಿ ನಡೆದರೆ ಮೈಲಾರಪ್ಪನ ಹೊಲ. ಒಂದು ಎಕರೆ ಬಟಾಟಿ, ಅಂದರೆ ಆಲೂಗಡ್ಡೆ. ಮೈಲಾರಪ್ಪನದು ಮಾತು ಕಡಿಮೆ. ಬೆಳೆಯ ಮೈ ತಿಳಿದವಳು ಅವನ ಹೆಂಡತಿ ಉಡಚವ್ವ. ನಲವತ್ತು ದಾಟಿದ ಗಟ್ಟಿ ಹೆಂಗಸು, ಕಳೆ ತೆಗೆಯುತ್ತಲೇ ಮಾತಾಡುವವಳು.

ಜುಲೈ ಕೊನೆಗೆ ಮಳೆ ಹತ್ತು ದಿನ ಹಿಂದೆಗೆಯಿತು. ಆಗ ಹೋದರೆ ಬೆಳೆ ತುಸು ಹಳದಿಗಟ್ಟಿತ್ತು. ನನಗೆ ಹನ್ನೆರಡರ ಬಸ್ಸಿನ ಅವಸರ. ಬದುವಿನ ಮೇಲೆಯೇ ನಿಂತು ನೋಡಿದೆ.

"ಯೂರಿಯಾ ಕಡಿಮಿ ಬಿದ್ದದ. ಒಂದು ಮಳಿ ಆತಂದ್ರ ಹಾಕ್ರಿ, ಹಸಿರಾಗ್ತದ," ಎಂದೆ.

"ಗೊಬ್ಬರದ್ದಲ್ಲ ಅನಸ್ತೈತ್ರಿ ಬಾಯಾರ," ಎಂದಳು ಉಡಚವ್ವ. "ಎಲಿಗೆ ಕೈ ಹಚ್ಚಿದ್ರ ಏನೋ ಸಣ್ಣವು ಜಿಗೀತಾವು. ಒಂದೀಟು ಒಳಗ ಬಂದು ನೋಡ್ರಲ್ಲ."

"ಹುಳ ಎಲ್ಲಾ ಬೆಳಿಗೂ ಇರ್ತಾವ. ಮೊದಲ ಗೊಬ್ಬರ ಹಾಕ್ರಿ."

ಅವಳು ಮತ್ತೆ ಕಳೆ ತೆಗೆಯಲು ಬಗ್ಗಿದಳು. ಓದಿದ ಹುಡುಗಿ ಹೇಳಿದ್ದಾಳೆಂದು ಮುಂದಿನ ಮಳೆಗೆ ಗೊಬ್ಬರ ಹಾಕಿದರು. ಬೆಳೆ ನಾಲ್ಕು ದಿನ ಹಸಿರಾಯಿತಂತೆ.

ಎರಡು ವಾರ ಬಿಟ್ಟು ಹೋದಾಗ ದೂರದಿಂದಲೇ ಕಂಡಿತು. ಎಲೆಗಳ ಅಂಚು ಬೆಂಕಿಗೆ ಹಿಡಿದಂತೆ ಕಂದಿ, ಮೇಲಕ್ಕೆ ಮುದುಡಿದ್ದವು. ಮೈಲಾರಪ್ಪ ನನ್ನನ್ನು ಕಂಡು ಎತ್ತುಗಳ ಕಡೆ ಹೋದ. ನಾನು ಚಪ್ಪಲಿ ಬಿಟ್ಟು ಸಾಲಿನೊಳಗೆ ಇಳಿದು, ಮೊಣಕಾಲೂರಿ ಒಂದು ಎಲೆ ಮಗುಚಿದೆ. ಅಕ್ಕಿಕಾಳಿಗಿಂತ ಸಣ್ಣ, ತಿಳಿಹಸಿರು ಹುಳಗಳು. ಬೆರಳು ಹತ್ತಿರ ಒಯ್ದರೆ ಮುಂದಕ್ಕೆ ಹೋಗದೆ ಏಡಿಯ ಹಾಗೆ ಓರೆಯಾಗಿ ಸರಿದವು. ಜಿಗಿಹುಳು. ಪರೀಕ್ಷೆಯಲ್ಲಿ ಇದೇ ಹುಳದ ಬಗ್ಗೆ ಎರಡು ಪುಟ ಬರೆದಿದ್ದೆ. ಗೊಬ್ಬರದ ಕೊರತೆಗೆ ಕೆಳಗಿನ ಎಲೆ ಇಡಿಯಾಗಿ ಹಳದಿಯಾಗುತ್ತದೆ, ಈ ಹುಳ ರಸ ಹೀರಿದರೆ ಅಂಚಿನಿಂದ ಹಳದಿ ಶುರುವಾಗುತ್ತದೆ ಎಂದೂ ಬರೆದಿದ್ದೆ. ಯೂರಿಯಾ ತಿಂದು ಎಳಸಾದ ಎಲೆ ಅವಕ್ಕೆ ಹಬ್ಬವಾಗಿತ್ತು.

"ಉಡಚವ್ವ, ತಪ್ಪು ನಂದು. ಅವತ್ತ ಒಳಗ ಬಂದು ನೋಡಿದ್ರ ಇಷ್ಟು ಆಗ್ತಿರಲಿಲ್ಲ," ಎಂದೆ.

ಅವಳು ಕಂದಿದ ಎಲೆಯೊಂದನ್ನು ಕಿತ್ತಳು. "ಹೊಟ್ಟಿ ಉರೀತೈತ್ರಿ, ಸುಳ್ಳ್ಯಾಕ ಹೇಳ್ಲಿ. ಆದ್ರ ತಪ್ಪಾತು ಅಂತ ಬಾಯಿಬಿಟ್ಟು ಹೇಳಿದ್ರಿ. ಈಗ ನನಗ ತೋರಸ್ರಿ, ಯಾವ್ದು ಏನು ಮಾಡ್ತೈತಿ ಅಂತ. ಮುಂದಿನ ಸಲ ನಿಮ್ಮ ದಾರಿ ಕಾಯೂದು ಬ್ಯಾಡ."

ಆ ದಿನ ಹನ್ನೆರಡರ ಬಸ್ಸು ಹೋಯಿತು, ಎರಡರದ್ದೂ ಹೋಯಿತು. ಇಬ್ಬರೂ ಸಾಲು ಸಾಲು ತಿರುಗಿದೆವು. ಕುಡಿಯ ಕೆಳಗೆ ಗುಂಪುಗುಂಪಾಗಿ ಕದಲದೆ ಕೂತ ಸಸ್ಯಹೇನು ತೋರಿಸಿದೆ. ಅವು ಇದ್ದಲ್ಲಿ ಎಲೆ ಬೆಲ್ಲದ ನೀರು ಸವರಿದಂತೆ ಅಂಟುತ್ತಿತ್ತು, ಇರುವೆಗಳು ಹತ್ತಿಳಿಯುತ್ತಿದ್ದವು. ಗಿಡ ಅಲುಗಿಸಿದಾಗ ಹಿಟ್ಟು ಹಾರಿದಂತೆ ಎದ್ದ ಬಿಳಿನೊಣ ತೋರಿಸಿದೆ. ಉಡಚವ್ವ ಪುಸ್ತಕದ ಹೆಸರು ನೆನಪಿಡಲಿಲ್ಲ, ತನ್ನವೇ ಇಟ್ಟಳು. ಜಿಗಿಹುಳು ಅಡ್ಡನಡಿಗಿ ಆಯಿತು. ಸಸ್ಯಹೇನಿಗೆ 'ಕುಂತಾಕಿ' ಎಂದಳು. "ಕುಂತಲ್ಲೇ ಕುಂತು ತಿಂತಾಳ, ನನ್ನ ನೆಗೆಣ್ಣಿ ಹಂಗ," ಎಂದು ಓರಗಿತ್ತಿಯನ್ನು ನೆನೆದು ನಕ್ಕಾಗ ನನಗೂ ನಗು ಬಂತು. ಆಮೇಲೆ ಕಣ್ಣೂ ತುಂಬಿದವು.

ಮರುದಿನ ಎಣ್ಣೆ, ಅಂದರೆ ಕೀಟನಾಶಕ, ಹೊಡೆದರು. ಹೊಸ ಚಿಗುರು ಉಳಿಯಿತು, ಆದರೆ ಆ ವರ್ಷ ಗಡ್ಡೆ ನಿಂಬೆಹಣ್ಣಿಗಿಂತ ದಪ್ಪ ಆಗಲಿಲ್ಲ. ಕಚೇರಿಯ ಡೈರಿಯಲ್ಲಿ ನಾನು ನಡೆದದ್ದನ್ನು ನಡೆದಂತೆ ಬರೆದೆ. ಸಾಹೇಬರು ಓದಿ ಸಹಿ ಹಾಕಿದರು.

ಮುಂದಿನ ವರ್ಷ ಉಡಚವ್ವ ದಿನಾ ಬೆಳಿಗ್ಗೆ ಹತ್ತು ಗಿಡದ ಎಲೆ ಮಗುಚಿ ನೋಡದೆ ರೊಟ್ಟಿ ತಿನ್ನುತ್ತಿರಲಿಲ್ಲ. ಅಡ್ಡನಡಿಗಿ ನಾಲ್ಕಾರು ಕಂಡ ದಿನವೇ ನನಗೆ ಹೇಳಿಕಳಿಸಿದಳು. ಬೆಳೆ ಉಳಿಯಿತು. ಪಕ್ಕದ ಹೊಲದ ನಸೀರಾ ಎಲೆ ಒಣಗುತ್ತಿವೆಯೆಂದು ರೋಗಕ್ಕೆ ಹೊಡೆಯುವ ಪುಡಿ ತರಲು ಹೊರಟಾಗ ಅವಳನ್ನು ತಡೆದು, ಎಲೆಯ ಹಿಂಬದಿ ತೋರಿಸಿದವಳೂ ಇವಳೇ.

೧೯೮೩ರಲ್ಲಿ ಹಾನಗಲ್ಲಿನಲ್ಲಿ ರೈತರ ತರಬೇತಿ ಇತ್ತು. ಮಾತಾಡಬೇಕಾದವಳು ನಾನು. ನಾನು ಉಡಚವ್ವನನ್ನು ಕರೆದುಕೊಂಡು ಹೋದೆ. ಅರವತ್ತು ಗಂಡಸರ ಮುಂದೆ ಮೊದಲು ಅವಳ ಬಾಯಿ ಕಟ್ಟಿತು. ನಾನು ಅವಳ ಹೊಲದಿಂದ ತಂದ ಟೊಂಗೆಯನ್ನು ಕೈಗೆ ಕೊಟ್ಟೆ.

"ಮ್ಯಾಲಿಂದ ನೋಡಿದ್ರ ಏನೂ ತಿಳಿಯಂಗಿಲ್ರಿ," ಎಂದು ಎಲೆ ಮಗುಚಿದಳು. ಮುಂದೆ ಅರ್ಧ ತಾಸು ನಿಲ್ಲಲಿಲ್ಲ. ಹಿಂದೆ ಕೂತಿದ್ದವರು ಎದ್ದು ಮುಂದೆ ಬಂದರು. ಅಕ್ಕಿಆಲೂರಿನ ಮುದುಕರೊಬ್ಬರು ಕೈಯಲ್ಲಿ ಎಲೆ ಹಿಡಿದು, "ಇದನ್ನ ನಾ ಇಷ್ಟ ವರ್ಷ ಬಿಸಲಿಗೆ ಸುಟ್ಟದ್ದು ಅಂತಿದ್ನೆವಾ," ಎಂದರು.

ಮುಗಿದ ಮೇಲೆ ಬಸ್ಸಿಗೆ ಇನ್ನೂ ಹೊತ್ತಿತ್ತು. ಇಬ್ಬರೂ ಅಲ್ಲಿನ ಹಳೆಯ ತಾರಕೇಶ್ವರ ಗುಡಿಗೆ ಹೋದೆವು. ಛಾವಣಿಯಲ್ಲಿ ಕಲ್ಲಿನ ದೊಡ್ಡ ಕಮಲ. ಕತ್ತು ನೋಯಿತೆಂದು ಉಡಚವ್ವ ತಣ್ಣನೆಯ ನೆಲದ ಮೇಲೆ ಅಂಗಾತ ಮಲಗಿಬಿಟ್ಟಳು. "ನೀವೂ ಅಡ್ಡಾಗ್ರಿ ಬಾಯಾರ, ಯಾರೂ ನೋಡಂಗಿಲ್ಲ," ಎಂದಳು. ನಾನೂ ಮಲಗಿದೆ. ಮುಂದೆ ಹಿರೇಕೆರೂರಿಗೆ, ಮತ್ತೆ ಎಲ್ಲೆಲ್ಲಿಗೋ ವರ್ಗವಾಗಿ ಇಪ್ಪತ್ತೆಂಟು ವರ್ಷ ನೌಕರಿ ಮಾಡಿದೆ. ಅಷ್ಟು ಹಗುರಾದ ಮಧ್ಯಾಹ್ನ ಇನ್ನೊಂದು ಬರಲಿಲ್ಲ. ಅಂದು ನನ್ನ ಪಕ್ಕದಲ್ಲಿ ಕಮಲದ ಎಸಳು ಎಷ್ಟೆಂದು ಅವಳು ಎಣಿಸುತ್ತಿದ್ದಳು. ನಡುವೆ ತಪ್ಪಿ, ಮತ್ತೆ ಮೊದಲಿನಿಂದ ಶುರುಮಾಡಿದಳು.