ನಿನ್ನ ಫಾರಂ

ಗುರುದತ್ ಅಕ್ಕನ ಟ್ರಂಕಿನ ಮುಂದೆ ಕಬ್ಬಿಣದ ಆಸರೆಯ ಕ್ಯಾಲಿಪರ್ ಹಾಕಿದ ಕಾಲನ್ನು ಚಾಚಿ ಕೂತು, ಒಂದೊಂದೇ ಫೈಲು ತೆಗೆದು ಪಕ್ಕಕ್ಕಿಡುತ್ತಿದ್ದ. ಹೊರಗೆ ವೈಕುಂಠ ರಥದ ಡ್ರೈವರ್ ಆಗಲೇ ಎರಡು ಸಲ ಇಣುಕಿ ಹೋಗಿದ್ದ. ಸ್ಮಶಾನದಲ್ಲಿ ಸತ್ತವರ ಆಧಾರ್ ಜೆರಾಕ್ಸ್ ಕೊಡಬೇಕಂತೆ. ಕೊಂಡಪಲ್ಲಿ ಊರಿನವರ ಕಾಗದಪತ್ರವನ್ನೆಲ್ಲ ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದ ಅಕ್ಕ ವಾಸಂತಿ ತನ್ನದನ್ನು ಎಲ್ಲಿಟ್ಟಿದ್ದಾಳೋ, ಆ ಕನಕದುರ್ಗಮ್ಮನಿಗೇ ಗೊತ್ತು.

ನಡುಮನೆಯಲ್ಲಿ ಅಕ್ಕನನ್ನು ಮಲಗಿಸಿದ್ದರು. ಸುತ್ತ ಕೂತವರೆಲ್ಲ ವಿದ್ಯುತ್ ಸ್ಥಾವರದವರು. ಅಲ್ಲಿನ ಅಕೌಂಟ್ಸ್ ವಿಭಾಗದಲ್ಲಿ ಅವಳು ಮೂವತ್ತು ವರ್ಷ ಕೂತಿದ್ದಳು.

"ಮಗಳ ಸ್ಕೂಲ್ ಫೀಸ್ ರಸೀದಿ ಕಸಕ್ಕೆ ಹಾಕಿದ್ದೆ ಕಣ್ರೀ," ಎಂದರು ಪಕ್ಕದ ಬೀದಿಯ ಜಯಮ್ಮ. "ಬುಟ್ಟಿಗೆ ಕೈ ಹಾಕಿ ತೆಗೆದ್ರು. 'ಜಯಮ್ಮ, ಇದು ಕಸ ಅಲ್ಲ, 80ಸಿ' ಅಂದ್ರು." ಹೇಳುತ್ತಾ ನಗು ಬಂತು, ನಗುತ್ತಲೇ ಸೆರಗಿಗೆ ಕಣ್ಣೊತ್ತಿಕೊಂಡರು.

"ನಮ್ಮಮ್ಮನ ಆರೋಗ್ಯ ವಿಮೆಗೂ ತೆರಿಗೆ ವಿನಾಯಿತಿ ಇದೆ ಅಂತ ನಂಗೆ ಹೇಳಿಕೊಟ್ಟೋರೇ ಅವರು," ಎಂದರು ಜಯಮ್ಮನ ಗಂಡ ಲಿಂಗರಾಜು. "ಇಂಜಿನಿಯರ್ ಅಂತ ಹೆಸರಿಗೆ. ನಂಗೇನು ಗೊತ್ತಿತ್ತು ಮಣ್ಣು!"

ಬೆಳಗಿನ ರೈಲಿಗೆ ವಿಶಾಖಪಟ್ಟಣದಿಂದ ಬಂದಿಳಿದಿದ್ದ ಅಣ್ಣ ಧನಂಜಯ ತಮ್ಮನ ಪಕ್ಕ ಕುಕ್ಕರುಗಾಲಲ್ಲಿ ಕೂತ. ಅತ್ತು ಅತ್ತು ಅವನ ಮುಖ ಊದಿತ್ತು.

"ಕಾರ್ಯ ಮುಗಿದ ಮೇಲೆ ನನ್ ಜೊತೆ ವೈಜಾಗ್‌ಗೆ ಬಂದ್ಬಿಡೋ. ಇಷ್ಟು ದಿನ ಅಕ್ಕ ನೋಡ್ಕೊಂಡ್ಳು. ಇನ್ಮೇಲೆ ನಾನು."

"ಅಂಗಡಿ ಇದೆಯಲ್ಲಣ್ಣ."

"ಯಾಕೋ ಅಂಗಡಿ ಗಿಂಗಡಿ? ಆರಾಮಾಗಿರು. ನನ್ ಡಿಪೆಂಡೆಂಟ್ ಅಂತ ಬರೆಸ್ತೀನಿ. ಅಕ್ಕಂಗೆ ಸಿಗ್ತಿದ್ದ ವಿನಾಯಿತಿ ನಂಗೆ ಸಿಗುತ್ತೆ, ನೀನೂ ನಮ್ ಕಣ್ಮುಂದೆ ಇರ್ತೀಯ."

ಧನಂಜಯನ ಮಾತಿನಲ್ಲಿ ಕೊಂಕಿರಲಿಲ್ಲ. ಗುರುದತ್‌ಗೆ ಬೇಸರವೂ ಆಗಲಿಲ್ಲ. ತನ್ನಿಂದಲೇ ಅಕ್ಕ ಮದುವೆಯಾಗದೆ ಉಳಿದಳು ಎಂಬ ನೋವು ಅವನ ಎದೆಯಲ್ಲಿ ಯಾವತ್ತೂ ಇತ್ತು. ಆ ನೋವಿಗೆ ಅವನು ಕಂಡುಕೊಂಡಿದ್ದ ಸಮಾಧಾನ ಒಂದೇ: ನನ್ನ ಕಾಲಿನ ದೆಸೆಯಿಂದ ಅವಳಿಗೆ ವರ್ಷ ವರ್ಷ ಒಂದಿಷ್ಟು ತೆರಿಗೆಯಾದರೂ ಉಳಿಯಿತಲ್ಲ.

* * *

ಇಪ್ಪತ್ತು ವರ್ಷದ ಹಿಂದೆ ವಿಜಯವಾಡದ ಸರ್ಕಾರಿ ಆಸ್ಪತ್ರೆಯಲ್ಲಿ ಅವನ ಕಾಲನ್ನು ಅಳೆದು, ಶೇಕಡಾ ಅರವತ್ತು ವೈಕಲ್ಯ ಎಂದು ಸರ್ಟಿಫಿಕೇಟ್ ಕೊಟ್ಟಿದ್ದರು. ಮೆಟ್ಟಿಲಿಳಿಯುವಾಗ ಗುರುದತ್ ಹಿಗ್ಗಿಹೋಗಿದ್ದ.

"ಅಕ್ಕಾ, ಇನ್ಮೇಲೆ ನನ್ನಿಂದ ನಿಂಗೆ ಟ್ಯಾಕ್ಸ್ ಉಳಿಯುತ್ತಂತೆ! ನಿಮ್ಮ ಆಫೀಸಿನೋರೇ ಹೇಳಿದ್ರು."

ವಾಸಂತಿ ಸರ್ಟಿಫಿಕೇಟನ್ನು ಮಡಚಿ ಚೀಲಕ್ಕೆ ಹಾಕಿದಳು. ಆಟೋ ಕರೆದು ಸೀದಾ ಒನ್ ಟೌನ್ ಪೇಟೆಗೆ ನಡಿ ಎಂದಳು. ಸಗಟು ಅಂಗಡಿಗಳ ಇಕ್ಕಟ್ಟಿನಲ್ಲಿ ತಮ್ಮನ ರಟ್ಟೆ ಹಿಡಿದು ನಡೆಸಿ, ಮೋಟಾರಿಗೆ ತಂತಿ ಸುತ್ತುವ ಒಂದು ಯಂತ್ರ, ಎರಡು ಸುರುಳಿ ತಾಮ್ರದ ತಂತಿ ಕೊಂಡಳು. ಫ್ಯಾನು, ಮಿಕ್ಸಿ ಬಿಚ್ಚುವುದೆಂದರೆ ಅವನಿಗೆ ಮೊದಲಿಂದಲೂ ಪ್ರಾಣ.

"ಅಂಗಡಿ ಇಡು. ನಿನ್ನ ಫಾರಂ ನಾನು ನೋಡ್ಕೋತೀನಿ," ಎಂದಳು.

ಆಮೇಲೆ ಪ್ರತಿ ಜುಲೈನಲ್ಲೂ "ಗುರು, ನಿನ್ನ ಫಾರಂ" ಎನ್ನುವಳು. ಅವಳು ಬೆರಳಿಟ್ಟ ಕಡೆ ಇವನು ಸಹಿ ಹಾಕುವನು. ಸಹಿಯ ಕಾಲ ಹೋಗಿ ಓಟಿಪಿಯ ಕಾಲ ಬಂತು. ಇವನು ಹೊರಗಿನ ಕುರ್ಚಿಯಿಂದ ಆರು ಅಂಕಿ ಕೂಗುವನು. ಅವಳು ಒಳಗಿನಿಂದ "ಇನ್ನೊಂದ್ಸಲ ಹೇಳು" ಎನ್ನುವಳು. ಒಂದೇ ಸಲಕ್ಕೆ ನಂಬಿದವಳೇ ಅಲ್ಲ.

* * *

"ಸಿಕ್ಕಿತಾ ಅಂಡಿ?" ಎನ್ನುತ್ತಾ ದುರ್ಗಾಭವಾನಿ ಒಳಗೆ ಬಂದಳು. ಆಫೀಸಿನಲ್ಲಿ ಹದಿನೈದು ವರ್ಷ ಅಕ್ಕನ ಪಕ್ಕದ ಮೇಜಿನಲ್ಲಿ ಕೂತು ಕನ್ನಡ ಕಲಿತ ತೆಲುಗಿನವಳು, 'ರೀ' ಎನ್ನುವ ಕಡೆ 'ಅಂಡಿ' ಎನ್ನುವುದನ್ನು ಮಾತ್ರ ಬಿಟ್ಟಿರಲಿಲ್ಲ. ಟ್ರಂಕಿನ ತಳಕ್ಕೆ ಕೈಯಿಟ್ಟು ನೀಲಿ ಫೈಲೊಂದನ್ನು ಎಳೆದಳು. ಒಳಗೆ ವಾಸಂತಿಯ ಆಧಾರ್ ಇತ್ತು.

"ಇದರಲ್ಲೇ ಅಲ್ವಾ, ನನ್ನ ಹೆಸರಲ್ಲಿ ಅಕ್ಕ ತಗೊಂಡ ವಿನಾಯಿತಿ ಲೆಕ್ಕ ಇರೋದು? ಅಣ್ಣಂಗೆ ಬೇಕಾಗುತ್ತೆ," ಎಂದ ಗುರುದತ್.

ದುರ್ಗಾಭವಾನಿ ಅವನನ್ನೇ ನೋಡಿದಳು. "ಗುರು ಗಾರೂ, ಮೇಡಂ ಗಾರು ಅದನ್ನ ಒಂದು ವರ್ಷಾನೂ ತಗೊಂಡಿಲ್ಲ ಅಂಡಿ."

ಗುರುದತ್‌ಗೆ ಇದ್ದೊಂದು ಸಮಾಧಾನವೂ ಹೋಯಿತಲ್ಲ ಎಂದು ನಾಚಿಕೆಯಾಯಿತು. "ಅಂದ್ರೆ... ನನ್ನಿಂದ ಅಷ್ಟೂ ಉಪಯೋಗ ಆಗ್ಲಿಲ್ವಾ ಅವಳಿಗೆ?"

"ನಾವೆಲ್ಲಾ ಎಷ್ಟು ಹೇಳಿದ್ವಿ! ಎಪ್ಪತ್ತೈದು ಸಾವಿರ ಕಳೀಬಹುದು ಮೇಡಂ, ತಮ್ಮನ್ನ ಡಿಪೆಂಡೆಂಟ್ ಅಂತ ಹಾಕಿ ಅಂತ. ಕೋಪ ಬಂದುಬಿಡೋದು. 'ಅವನು ನನ್ನ ಫಾರಂನಲ್ಲಿ ಯಾಕಿರ್ತಾನೆ? ಅವನಿಗೆ ಅವನದ್ದೇ ಫಾರಂ ಇದೆ' ಅನ್ನೋರು."

ಅವಳು ಫೈಲು ತಿರುವಿದಳು. ವರ್ಷಕ್ಕೊಂದು ರಿಟರ್ನ್. ಮೇಲ್ಗಡೆ ವಾಸಂತಿಯ ಹೆಸರಿರಲಿಲ್ಲ, ಗುರುದತ್ ಎಂದಿತ್ತು. ಕಸುಬು: ಮೋಟಾರು ರಿಪೇರಿ. ಅಂಗಡಿಯ ಮಾಲೀಕ.

"ದುಡಿಯೋ ಅಂಗವಿಕಲರು ತಮಗೆ ತಾವೇ ತಗೊಳ್ಳೋ ವಿನಾಯಿತಿ ಬೇರೆ ಇದೆ, 80ಯು ಅಂತ. ನೀವು ಇದನ್ನ ತಗೊಂಡ್ರೆ ಅವರು ನಿಮ್ಮನ್ನ ಡಿಪೆಂಡೆಂಟ್ ಅಂತ ತೋರಿಸೋ ಹಾಗಿಲ್ಲ. ಮೇಡಂ ಗಾರು ನಿಮಗೇ ಬಿಟ್ಟಿದ್ರು. ತೆರಿಗೆ ಬರದ ವರ್ಷಾನೂ ನಿಮ್ಮ ರಿಟರ್ನ್ ತಪ್ಪಿಸ್ಲಿಲ್ಲ."

ನಿನ್ನ ಫಾರಂ ಎಂದರೆ ನಿನ್ನ ಹೆಸರಲ್ಲಿ ನನ್ನ ವಿನಾಯಿತಿಗೆ ತುಂಬುವ ಫಾರಂ ಎಂದೇ ಅವನು ಇಪ್ಪತ್ತು ವರ್ಷ ತಿಳಿದಿದ್ದ. ಅಕ್ಕ ಒಂದು ದಿನವೂ ಸುಳ್ಳು ಹೇಳಿರಲಿಲ್ಲ. ಗುರುದತ್ ಫೈಲನ್ನು ಎದೆಗವಚಿಕೊಂಡು, ಬೆಳಗಿನಿಂದ ತಡೆದಿದ್ದ ಅಳುವನ್ನು ಬಿಟ್ಟುಕೊಟ್ಟ. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಧನಂಜಯ ಬಂದು ಅವನ ಬೆನ್ನ ಮೇಲೆ ಕೈಯಿಟ್ಟ.

* * *

ಕೃಷ್ಣೆಯ ದಡದಿಂದ ಬಂದು, ಮಿಂದು, ಅಕ್ಕನನ್ನು ಮಲಗಿಸಿದ್ದ ಜಾಗದಲ್ಲಿ ದೀಪ ಹಚ್ಚುವಾಗ ಮಧ್ಯಾಹ್ನ ಮೂರಾಗಿತ್ತು. ಜಯಮ್ಮ ತಂದ ಅನ್ನ ಸಾರು ಎಲ್ಲರೂ ಎರಡೆರಡು ತುತ್ತು ಉಂಡರು.

"ಅಣ್ಣಾ, ವೈಜಾಗ್‌ಗೆ ಬರ್ತೀನಿ," ಎಂದ ಗುರುದತ್. "ದೀಪಾವಳಿಗೆ. ಅಂಗಡಿಗೆ ಮೂರು ದಿನ ರಜ ಹಾಕಿ."

ಧನಂಜಯ ಅವನ ಮುಖ ನೋಡಿ, ನಿಧಾನಕ್ಕೆ ತಲೆಯಾಡಿಸಿದ.

ದುರ್ಗಾಭವಾನಿ ಹೊರಡಲು ಎದ್ದವಳು ಬಾಗಿಲಲ್ಲಿ ನಿಂತಳು. "ಈ ವರ್ಷದ ನಿಮ್ಮ ರಿಟರ್ನೂ ಹಾಕಿದ್ದಾರೆ ಅಂಡಿ, ಆಸ್ಪತ್ರೆಗೆ ಸೇರೋ ಹಿಂದಿನ ದಿನ. ಓಟಿಪಿ ಒಂದು ಬಾಕಿ. ಇನ್ನೂ ಟೈಮಿದೆ, ಕರ್ಮ ಎಲ್ಲಾ ಮುಗೀಲಿ."

"ಬೇಡ. ಅವಳು ಅರ್ಧಕ್ಕೆ ಬಿಟ್ಟಿದ್ದು ಇದೊಂದೇ. ಈಗ್ಲೇ ಮುಗಿಸಿಬಿಡೋಣ."

ಗುರುದತ್ ಕ್ಯಾಲಿಪರಿನ ಕೊಂಡಿ ಸರಿಮಾಡಿಕೊಂಡು ಹೊರಗಿನ ತನ್ನ ಕುರ್ಚಿಗೆ ಹೋಗಿ ಕೂತ. ದುರ್ಗಾಭವಾನಿ ಒಳಗೆ, ದೀಪದ ಪಕ್ಕ, ತನ್ನ ಫೋನಿನಲ್ಲಿ ರಿಟರ್ನಿನ ರಸೀದಿಯ ನಂಬರು ಒತ್ತಿದಳು. ಹೊರಗೆ ಅವನ ಫೋನು ಕಿಣಿ ಎಂದಿತು. ಅವನು ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು, ಒಂದೊಂದಾಗಿ ಆರು ಅಂಕಿ ಕೂಗಿದ.

"ಆಯ್ತು ಅಂಡಿ, ಹೋಯ್ತು," ಎಂದಳು ದುರ್ಗಾಭವಾನಿ.

ಗುರುದತ್ ಫೋನು ಕೆಳಗಿಡಲಿಲ್ಲ. ಒಳಗಿನ ದೀಪದ ಕಡೆ ತಿರುಗಿ, ಆ ಆರು ಅಂಕಿಗಳನ್ನು ಇನ್ನೊಂದು ಸಲ ಹೇಳಿದ.